ಅಡ್ಡಗಾಳಿಯಲ್ಲಿ ಇಳಿಯುವ ವಿದ್ಯೆ
ಬೀದರ್ ವಾಯುನೆಲೆಯಲ್ಲಿ ಯುವ ಪೈಲಟ್‌ಗಳು 2008ರಿಂದ ಹಾಕ್ ಜೆಟ್‌ಗಳಲ್ಲಿ ಪಳಗುತ್ತಿದ್ದಾರೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಇದೇ. ಅವರ ಕಸರತ್ತಿಗೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅಡ್ಡಗಾಳಿಯಲ್ಲಿ ಸಣ್ಣ ವಿಮಾನವನ್ನು ಇಳಿಸುವ ವಿದ್ಯೆ.

ಮೂತಿ ಗಾಳಿಯತ್ತ ತಿರುಗಿರುತ್ತದೆ, ವಿಮಾನ ಮಾತ್ರ ಓರೆಯಾಗಿಯೇ ರನ್‌ವೇಯ ನೇರಕ್ಕೆ ಬರುತ್ತದೆ. ನೆಲ ಹತ್ತಿರವಾದೊಡನೆ ಕಾಲು ಬಾಲದ ಚುಕ್ಕಾಣಿಯಾದ ರಡ್ಡರ್‌ನ ಪೆಡಲ್ ಒತ್ತಿ ಮೂತಿಯನ್ನು ನೇರ ಮಾಡುತ್ತದೆ. ಅದೇ ಗಳಿಗೆಯಲ್ಲಿ ಕೈ ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸುತ್ತದೆ. ಮೊದಲು ಆ ಬದಿಯ ಒಂದೇ ಚಕ್ರ ನೆಲ ಮುಟ್ಟುತ್ತದೆ, ಆಮೇಲೆ ಇನ್ನೊಂದು, ಕೊನೆಗೆ ಮೂತಿಯದು. ಎಂಥ ಅಂದ!

ಗಾಳಿಯ ವೇಗ 10 ನಾಟ್ ಏರಿಳಿಯುತ್ತಿದ್ದರೆ ವಿಮಾನದ ವೇಗವನ್ನು 5 ನಾಟ್ ಹೆಚ್ಚಿಟ್ಟುಕೊಳ್ಳುವುದು ರೂಢಿ. ಹದ ತಪ್ಪಿದರೆ ಎಂಜಿನ್ ಏರಿಸಿ ಮತ್ತೆ ಮೇಲಕ್ಕೆ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್‌ನ ಹುಡುಗ ಹುಡುಗಿಯರೂ ಇದನ್ನು ಕಲಿಯಲಿ.