‘ರಂಗನಾಯಕಿ’: ಒಲವು ಮತ್ತು ಕಸುಬಿನ ನಡುವಣ ಆಯ್ಕೆ

ಒಲವು ಮತ್ತು ವೃತ್ತಿಗಳ ನಡುವಣ ಬಿಕ್ಕಟ್ಟು ಸಂಗೀತಪ್ರಧಾನ ಚಲನಚಿತ್ರಗಳ ಹಳೆಯ ವಸ್ತು. ಡೇಮಿಯನ್ ಶಜೆಲ್ ನಿರ್ದೇಶನದ ‘ಲಾ ಲಾ ಲ್ಯಾಂಡ್’ (2016) ಅದರ ಆಧುನಿಕ ನಿದರ್ಶನ. ಲಾಸ್ ಏಂಜಲೀಸ್‌ನಲ್ಲಿ ಸಂಧಿಸುವ ಒಬ್ಬ ಜಾಜ್ ವಾದಕ ಮತ್ತು ನಟಿಯಾಗಬಯಸುವ ಒಬ್ಬ ಯುವತಿ ತಂತಮ್ಮ ಕನಸುಗಳನ್ನು ಈಡೇರಿಸಿಕೊಳ್ಳುತ್ತಾರೆ, ಆದರೆ ಪರಸ್ಪರರನ್ನು ಕಳೆದುಕೊಳ್ಳುತ್ತಾರೆ. ಇದಕ್ಕೆ ಮೂರೂವರೆ ದಶಕಗಳ ಮುಂಚೆಯೇ ಪುಟ್ಟಣ್ಣ ಕಣಗಾಲ್ ಅವರು ಅಶ್ವತ್ಥರ ಕಾದಂಬರಿಯನ್ನು ಆಧರಿಸಿ ‘ರಂಗನಾಯಕಿ’ (1981) ಚಿತ್ರವನ್ನು ನಿರ್ದೇಶಿಸಿದರು. ಎಂ. ರಂಗರಾವ್ ಅವರ ಸಂಗೀತ ಈ ಚಿತ್ರದ ಜೀವಾಳ. ಬಿಕ್ಕಟ್ಟು ಒಂದೇ ಎಂದು ತೋರಿದರೂ ಆಯ್ಕೆಯ ಸ್ವರೂಪ ಎರಡರಲ್ಲೂ ಬೇರೆ.

‘ಲಾ ಲಾ ಲ್ಯಾಂಡ್’ನಲ್ಲಿ ನಷ್ಟ ಇಬ್ಬರಿಗೂ ಸಮಾನ. ಕೊನೆಯಲ್ಲಿ ಬರುವ, ನಡೆಯದೆ ಹೋದ ದಾಂಪತ್ಯದ ಕಲ್ಪಿತ ದೃಶ್ಯಾವಳಿ ಆ ನಷ್ಟವನ್ನು ಮಧುರವಾಗಿಸುತ್ತದೆ. ‘ರಂಗನಾಯಕಿ’ಯಲ್ಲಿ ಆಯ್ಕೆಯ ಭಾರ ಹೆಣ್ಣೊಬ್ಬಳದೇ. ಆರತಿ ಅಭಿನಯಿಸಿದ ನಾಟಕ ಕಂಪನಿಯ ನಟಿಯನ್ನು ಶ್ರೀಮಂತ ನಾಗರಾಜಶೆಟ್ಟಿ (ಅಂಬರೀಷ್) ವರಿಸುತ್ತಾನೆ. ಆದರೆ ಆಕೆ ಬಣ್ಣ ಹಚ್ಚಬಾರದೆಂಬುದು ಆತನ ಷರತ್ತು. ಸಂಕಟದಲ್ಲಿದ್ದ ಕಂಪನಿಗಾಗಿ ಆಕೆ ಮತ್ತೆ ರಂಗವೇರಿದಾಗ ಆತ ಮಗುವಿನೊಂದಿಗೆ ದೂರವಾಗುತ್ತಾನೆ. ಒಲವು ಇಲ್ಲಿ ಕನಸಿಗೆ ಎದುರಾಗಿ ನಿಂತ ಇನ್ನೊಂದು ಕನಸಲ್ಲ; ಅದೊಂದು ಕರಾರು.

ಈ ಕರಾರಿನ ಬೇರು ಜನಪದ ರಂಗಭೂಮಿಯ ಪರಿಸರದಲ್ಲಿದೆ. ಬಳ್ಳಾರಿ ಸೀಮೆಯ ಕುಡತಿನಿ, ಕುರುಗೋಡು, ಸಿರುಗುಪ್ಪಗಳ ಆಸುಪಾಸಿನ ಹಳ್ಳಿಗಳಲ್ಲಿ ಜಾತ್ರೆ-ಹಬ್ಬಗಳಿಗೆ ಊರ ಗಂಡಸರು ನಾಟಕವಾಡುವಾಗ ಸ್ತ್ರೀಪಾತ್ರಗಳಿಗೆ ವೃತ್ತಿನಟಿಯರನ್ನು ಕರೆಸುವ ಪದ್ಧತಿ ಬೆಳೆದುಬಂದಿತು. ಬೆಳಗಾದರೆ ಭೀಮನ ಪಾತ್ರಧಾರಿ ಹೊಲಕ್ಕೆ ಮರಳುತ್ತಾನೆ, ಆತನಿಗೆ ಅದು ಹವ್ಯಾಸ. ದ್ರೌಪದಿಯ ಪಾತ್ರಧಾರಿಣಿ ಸಂಭಾವನೆ ಪಡೆದು ಮತ್ತೊಂದು ಊರಿಗೆ ಹೊರಡುತ್ತಾಳೆ, ಆಕೆಗೆ ಅದು ಅನ್ನ. ರಾತ್ರಿಯ ಚಪ್ಪಾಳೆ ಹಗಲಿನ ಗೌರವವಾಗಿ ಮಾರ್ಪಡುತ್ತಿದ್ದುದು ವಿರಳ. ಶೆಟ್ಟಿಯ ಷರತ್ತು ವ್ಯಕ್ತಿಯೊಬ್ಬನ ಹಟ ಮಾತ್ರವಲ್ಲ, ಆ ಪ್ರೇಕ್ಷಕವರ್ಗದ್ದೇ ಇಬ್ಬಂದಿತನ.

ಹೀಗಿದ್ದೂ ವೃತ್ತಿರಂಗಭೂಮಿಯ ಚರಿತ್ರೆ ಈ ವೈರುಧ್ಯವನ್ನು ಅನಿವಾರ್ಯವೆಂದು ಒಪ್ಪುವುದಿಲ್ಲ. ಗುಬ್ಬಿ ವೀರಣ್ಣ ಮತ್ತು ಬಿ. ಜಯಮ್ಮ ಸಂಸಾರವನ್ನೂ ರಂಗವನ್ನೂ ಒಂದೇ ಕಂಪನಿಯಲ್ಲಿ ನಡೆಸಿದರು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯಾಗಿ ಮನೆಮಾತಾದ ಬಳ್ಳಾರಿಯ ಸುಭದ್ರಮ್ಮ ಮನ್ಸೂರು (1939–2020) ಅಭಿನಯ ಹಾಗೂ ರಂಗಗೀತೆಗಳನ್ನೇ ಬದುಕಾಗಿಸಿಕೊಂಡರು. ಇಂತಹವರ ಸಂದರ್ಭದಲ್ಲಿ ‘ಕನಸು’ ಎಂಬ ಪದಕ್ಕಿಂತ ‘ಕಾಯಕ’ ಎಂಬುದೇ ಉಚಿತ. ಕನಸನ್ನು ತ್ಯಜಿಸೆಂದು ಹೇಳುವುದು ಸುಲಭ. ಕಾಯಕವನ್ನು ತ್ಯಜಿಸೆಂಬ ಮಾತು ಅಸ್ತಿತ್ವವನ್ನೇ ಕೇಳುತ್ತದೆ.

ಪುಟ್ಟಣ್ಣ ಈ ಸತ್ಯವನ್ನು ಅರ್ಧದಾರಿಯವರೆಗೆ ಅನುಸರಿಸುತ್ತಾರೆ. ಕಂಪನಿಯನ್ನು ಒಂದು ಕುಟುಂಬವಾಗಿ, ನಟಿಯ ಮರುಪ್ರವೇಶವನ್ನು ಋಣಸಂದಾಯವಾಗಿ ಚಿತ್ರಿಸಿರುವುದು ಅವರ ಹಿರಿಮೆ. ಆದರೆ ಉತ್ತರಾರ್ಧದಲ್ಲಿ, ಖ್ಯಾತ ಚಿತ್ರನಟಿಯಾದ ಆಕೆಯನ್ನು ಗುರುತರಿಯದ ಮಗನೇ ಮೋಹಿಸುವ ಸನ್ನಿವೇಶ ಕಲೆಯ ಆಯ್ಕೆಗೆ ವಿಧಿಸಿದ ದಂಡದಂತೆ ತೋರುತ್ತದೆ. ಮಗುವನ್ನು ಅಗಲಿಸಿದ ತಂದೆಯ ಹೊಣೆಗಾರಿಕೆ ತಾಯಿಯ ಪರಿತಾಪದಲ್ಲಿ ಮರೆಯಾಗುತ್ತದೆ. ಹಾಲಿವುಡ್ ಚಿತ್ರ ವಿರಹವನ್ನು ಸಿಹಿಗೊಳಿಸಿ ಸಮಾಜವನ್ನು ಹೊರಗಿಟ್ಟರೆ, ಕನ್ನಡ ಚಿತ್ರ ಸಮಾಜವನ್ನು ಎದುರಿಗೆ ತಂದೂ ಅದರ ತೀರ್ಪನ್ನು ಪೂರ್ಣವಾಗಿ ಪ್ರಶ್ನಿಸುವುದಿಲ್ಲ.

ಆದುದರಿಂದ ‘ರಂಗನಾಯಕಿ’ಯನ್ನು ತ್ಯಾಗಮಯಿ ಕಲಾವಿದೆಯ ಕಥೆಯೆಂದಷ್ಟೇ ಓದುವುದು ಅಪೂರ್ಣ. ಆಕೆ ಯಾವುದನ್ನು ಆರಿಸಿಕೊಂಡಳು ಎಂಬುದಕ್ಕಿಂತ, ಆರಿಸಿಕೊಳ್ಳಲೇಬೇಕೆಂದು ವಿಧಿಸಿದವರು ಯಾರು ಎಂಬುದೇ ಮೂಲ ಪ್ರಶ್ನೆ. ಹಳ್ಳಿಯ ರಂಗಸಜ್ಜಿಕೆಗಳಲ್ಲಿ ದುಡಿದು ದಾಖಲೆಗೆ ಸಿಗದೆ ಹೋದ ಪಾತ್ರಧಾರಿಣಿಯರ ಜೀವನವೃತ್ತಾಂತಗಳ ಸಂಗ್ರಹವೇ ಅದಕ್ಕೆ ಉತ್ತರ ನೀಡಬಲ್ಲದು.