ಅವ್ವನ ತಲೆಯೊಳಗಿನ ಲೆಕ್ಕ

ನಮ್ಮ ಕವಿಗೋಷ್ಠಿಗಳಲ್ಲಿ ಅವ್ವನ ಮೇಲೆ ಪದ್ಯ ಓದದ ಕವಿ ಸಿಗೋದು ಕಷ್ಟ. ಅವ್ವ ಮಳೆ, ಅವ್ವ ದೀಪ, ಅವ್ವ ತ್ಯಾಗಮಯಿ. ನಾವೂ ಬರೆದೀವಿ, ಚಪ್ಪಾಳೆ ತಗೊಂಡೀವಿ. ಈಗ ಓದಿದರೆ ನಾಚಿಕೆ ಆಗ್ತೈತಿ. ಅವಳ ಒಡೆದ ಹಿಮ್ಮಡಿ, ಬೆವರು, ಸೀರೆಯ ತೇಪೆ ಎಲ್ಲಾ ಅಲ್ಲಿವೆ. ತಲೆ ಮಾತ್ರ ಇಲ್ಲ.

ಆ ತಲೆಯೊಳಗೆ ಏನೈತಿ? ಜೋಳ ಎಷ್ಟು ದಿನಕ್ಕೆ ಬರ್ತೈತಿ, ಸಂಘದ ಕಂತು ಯಾವ ವಾರ, ಹಾಸ್ಟೆಲ್ ಅರ್ಜಿಗೆ ಜಾತಿ ಪತ್ರ ಬಂತೋ ಇಲ್ಲೋ, ಮೈನೆರೆದ ಮಗಳನ್ನ ಬಿಟ್ಟು ಗುಳೆ ಹೋಗೋದು ಹೆಂಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೇರಿಗಳಲ್ಲಿ ಕೂಲಿ ಕೆಲಸಕ್ಕೆ ಹೊತ್ತು ಮುಳುಗ್ತೈತಿ. ಈ ಲೆಕ್ಕಕ್ಕೆ ಮುಳುಗೋದಿಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆಗ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು, ಮಾಡುವ ಗಂಡಸರು 97. ಇದು ಕೈಯ ಲೆಕ್ಕ. ರೊಟ್ಟಿ ಬಡಿಯುವಾಗಲೇ ನಾಳೆಯ ಹಿಟ್ಟಿನ ಚಿಂತೆ ಮಾಡಿದ್ದನ್ನ ಯಾವ ನಿಮಿಷಕ್ಕೆ ಬರೀತಾರೆ?

ಮುತ್ತು ಕಟ್ಟೋದನ್ನ 1982ರ ಕಾಯ್ದೆ ನಿಷೇಧಿಸಿತು. ಆದರೆ ಅರ್ಜಿಯ 'ತಂದೆಯ ಹೆಸರು' ಎಂಬ ಖಾನೆಯಲ್ಲಿ ಏನು ಬರೆಸಲಿ, ಮಗು ಕೇಳಿದರೆ ಏನು ಹೇಳಲಿ ಅಂತ ರಾತ್ರಿಯೆಲ್ಲ ಯೋಚಿಸೋಳು ದೇವದಾಸಿ ತಾಯಿ ಒಬ್ಬಳೇ. ಮೇಷ್ಟ್ರುಗಳೇ, ಆ ಪ್ರಶ್ನೆಯನ್ನ ಇಡೀ ಕ್ಲಾಸಿನ ಮುಂದೆ ಕೂಗಿ ಕೇಳಬೇಡಿ.

ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನು ನೋಡಿ. ಕಳೆದುಹೋದ ಒಂದು ಕೋಳಿಗಾಗಿ ಹುಡುಕಾಡ್ತಾಳೆ. ಓದುವಾಗ ನಗು ಬರ್ತೈತಿ. ಆದರೆ ಬಡವರ ಮನೇಲಿ ಒಂದು ಕೋಳಿ ತಪ್ಪಿದರೆ ಇಡೀ ಮನೆಯ ಲೆಕ್ಕ ತಪ್ಪುತ್ತೆ. ಸಾಕವ್ವ ದೇವತೆಯಲ್ಲ, ಮನೆಯ ಲೆಕ್ಕ ಹೊತ್ತ ಮನುಷ್ಯಳು. ನಮ್ಮ ಪದ್ಯಗಳು ಕಲಿಯಬೇಕಾದ್ದು ಇದನ್ನ.

'ತ್ಯಾಗಮಯಿ' ಅನ್ನೋದು ಪುಕ್ಕಟೆ ದುಡಿಮೆಗೆ ಹಾಕುವ ಹಾರ. ಪುರೋಹಿತ ಹಾಕಿದರೆ ಬಂಡೇಳ್ತೀವಿ, ನಾವೇ ಹಾಕಿದರೆ ಕವಿತೆ ಅಂತೀವಿ.

ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದೋರು ನಾವು. ನಮ್ಮ ಬುದ್ಧಿಯಿಂದಲೇ ಪಾಸಾದ್ವಿ ಅಂದ್ಕೊಂಡಿದ್ವಿ. ಪರೀಕ್ಷೆ ಫೀಜಿನ ಕೊನೆಯ ದಿನ ನೆನಪಿಟ್ಟೋಳು ಅಕ್ಷರ ಬಾರದ ಅವ್ವ.

ಗೆಳೆಯರೇ, ಕಂತಿನ ತಾರೀಖು, ಹಿಟ್ಟಿನ ಅಳತೆ, ತಂಗಿಯ ಔಷಧಿ, ಇವುಗಳಲ್ಲಿ ಒಂದನ್ನಾದರೂ ಅವ್ವ ನೆನಪಿಸದಂಗೆ ನಮ್ಮ ತಲೆಗೆ ತಗೊಳ್ಳೋಣ. ಪದ್ಯ ಆಮೇಲೆ.