ಚಿತ್ರ ಹಿಡಿದಾದ ಮೇಲೆ

ಕಂಟ್ರೋಲ್ ಜೊತೆಗೆ ಪ್ರಿಂಟ್‌ಸ್ಕ್ರೀನ್ ಕೀಲಿ ಒತ್ತಿದರೆ ಪರದೆ ತುಸು ಮಂಕಾಗುತ್ತದೆ. ಮೌಸ್ ಪಕ್ಕದಲ್ಲಿ ಪುಟ್ಟದೊಂದು ಭೂತಗನ್ನಡಿ ಮೂಡುತ್ತದೆ. ಅದರೊಳಗೆ ಪಿಕ್ಸೆಲ್‌ಗಳು ಅಂಗಳದ ಹಾಸುಗಲ್ಲಿನಂತೆ ಎಣಿಸುವ ಹಾಗೆ ಕಾಣುತ್ತವೆ. ಬೇಕಾದಷ್ಟು ಜಾಗಕ್ಕೆ ಚೌಕ ಎಳೆದು ಬೆರಳು ಬಿಟ್ಟರೆ ಆಯಿತು. ಚಿತ್ರ ಫೈಲ್ ಆಗಿ ಉಳಿಯಿತು. ನೀವು ಹೇಳಿಟ್ಟಿದ್ದರೆ ಯಾವುದೋ ಸರ್ವರ್ ಸೇರಿತು. ಅದರ ಲಿಂಕ್ ಕ್ಲಿಪ್‌ಬೋರ್ಡ್‌ಗೆ ಬಂತು. ‘ಏಳನೇ ಪುಟ, ಮೂರನೇ ಸಾಲು, ಒತ್ತಕ್ಷರ ಕಳಚಿಕೊಂಡಿದೆ, ಅಲ್ಲ, ಅದರ ಕೆಳಗಿನ ಸಾಲು’ ಎಂದು ಪುಟ ಕಟ್ಟುವವರಿಗೆ ಫೋನಿನಲ್ಲಿ ಹತ್ತು ನಿಮಿಷ ಒದರುತ್ತಿದ್ದ ನನಗೆ ಈಗ ಒಂದು ಕೆಂಪು ಬಾಣ, ಒಂದು ಲಿಂಕ್ ಸಾಕು.

ಈ ಸಲಕರಣೆಯ ಹೆಸರು ಶೇರ್‌ಎಕ್ಸ್. ವಿಂಡೋಸ್‌ಗೆ ಮಾತ್ರ. ಹಣವಿಲ್ಲ, ಜಾಹೀರಾತಿಲ್ಲ, ಸಿ ಶಾರ್ಪ್‌ನಲ್ಲಿ ಬರೆದ ಅದರ ಕೋಡ್ ಜಿಪಿಎಲ್ ಪರವಾನಗಿಯಡಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಝಡ್‌ಸ್ಕ್ರೀನ್, ಝಡ್‌ಅಪ್‌ಲೋಡರ್ ಎಂಬ ಹಳೆಯ ಹೆಸರುಗಳಿಂದ ಹಿಡಿದರೆ ಇದರ ವಂಶಾವಳಿ 2007ಕ್ಕೆ ಹೋಗುತ್ತದೆ. ಇಷ್ಟು ವರ್ಷ ಬಾಳಿದ್ದೇ ಒಂದು ಸೋಜಿಗ. ಏಕೆಂದರೆ ಪರದೆ ಹಿಡಿಯುವ ಕೆಲಸಕ್ಕೆ ಈಗ ಯಾರೂ ಬೇರೆ ತಂತ್ರಾಂಶ ಹುಡುಕಬೇಕಿಲ್ಲ. ವಿಂಡೋಸ್ ಕೀಲಿ, ಶಿಫ್ಟ್, ಎಸ್ ಒತ್ತಿದರೆ ಕಂಪ್ಯೂಟರೇ ಕತ್ತರಿಸಿ ಕೊಡುತ್ತದೆ.

ಹಾಗಾಗಿ ಇದನ್ನು ಅಳೆಯಬೇಕಾದದ್ದು ಚಿತ್ರ ಹಿಡಿಯುವಲ್ಲಿ ಅಲ್ಲ, ಹಿಡಿದಾದ ಮೇಲೆ ಏನು ಮಾಡುತ್ತದೆ ಎಂಬಲ್ಲಿ. ‘ಹಿಡಿದ ಮೇಲಿನ ಕೆಲಸಗಳು’, ‘ಅಪ್‌ಲೋಡ್ ಆದ ಮೇಲಿನ ಕೆಲಸಗಳು’ ಎಂದು ಇದರಲ್ಲಿ ಎರಡು ಪಟ್ಟಿಗಳಿವೆ. ಉಳಿಸು, ನಕಲಿಸು, ಎಡಿಟರ್‌ನಲ್ಲಿ ತೆರೆ, ಕಳಿಸು, ಲಿಂಕ್ ಚಿಕ್ಕದು ಮಾಡು: ಒಂದೊಂದರ ಮುಂದೆಯೂ ಟಿಕ್ ಹಾಕುವ ಜಾಗ. ಕಳಿಸುವುದರ ಟಿಕ್ ತೆಗೆದುಬಿಟ್ಟರೆ ನಿಮ್ಮ ಚಿತ್ರ ಮನೆಯ ಹೊಸಿಲು ದಾಟುವುದಿಲ್ಲ. ಕೆಲವು ಅಪ್‌ಲೋಡ್ ಆ್ಯಪ್‌ಗಳು ಬಳಸುವವನಿಗೆ ಬಿಟ್ಟುಕೊಡದ ನಿರ್ಧಾರ ಇದು.

ಇಂಥ ಆ್ಯಪ್ ಕಟ್ಟುವುದು ಅಷ್ಟೇನೂ ಕಷ್ಟವಲ್ಲ, ಸಾಕುವುದು ಕಷ್ಟ. ಅದು ನೆಚ್ಚಿಕೊಂಡಿರುವುದು ಪರರ ಸರ್ವರ್‌ಗಳನ್ನು. ಒಬ್ಬರು ಪಾಸ್‌ವರ್ಡ್ ವಿಧಾನ ಬದಲಿಸುತ್ತಾರೆ, ಇನ್ನೊಬ್ಬರು ಪುಕ್ಕಟೆ ಸೇವೆ ನಿಲ್ಲಿಸುತ್ತಾರೆ. ಚಿತ್ರ ಇಡುವ ತಾಣಗಳನ್ನೇ ನೋಡಿ: ಟೈನಿಪಿಕ್ 2019ರಲ್ಲಿ ಬಾಗಿಲು ಹಾಕಿತು. ಇಮ್ಗರ್ 2023ರ ಮೇ ತಿಂಗಳಿಂದ, ಖಾತೆಗೆ ಸೇರದೆ ಯಾರೂ ನೋಡದೆ ಬಿದ್ದಿರುವ ಹಳೆಯ ಚಿತ್ರಗಳನ್ನು ಅಳಿಸುವುದಾಗಿ ಹೇಳಿತು. ನೆರೆಮನೆಯ ಗೋಡೆಗೆ ಚಪ್ಪರ ಕಟ್ಟಿದವನು ಆ ಗೋಡೆ ಕೆಡವುವ ದಿನ ಏನು ಮಾಡಬೇಕು? ಪ್ರತಿ ಸೇವೆಗೂ ಕೋಡ್ ತಿದ್ದುತ್ತ ಕೂತರೆ ಬಿಡುವಿನಲ್ಲಿ ದುಡಿಯುವ ನಾಲ್ಕು ಜನರ ಆಯಸ್ಸು ಅಲ್ಲೇ ಮುಗಿಯುತ್ತದೆ.

ಶೇರ್‌ಎಕ್ಸ್ ಕಂಡುಕೊಂಡ ದಾರಿ ನನ್ನ ಲೆಕ್ಕದಲ್ಲಿ ಅದರ ಅತ್ಯಂತ ಜಾಣತನದ ಭಾಗ. ಹೊಸ ಸೇವೆ ಸೇರಿಸುವ ಕೀಲಿಯನ್ನೇ ಬಳಕೆದಾರನ ಕೈಗೆ ಕೊಟ್ಟುಬಿಟ್ಟಿತು. ಎಸ್‌ಎಕ್ಸ್‌ಸಿಯು ಎಂಬ ಕೊನೆಯಕ್ಷರಗಳ ಪುಟ್ಟ ಫೈಲ್ ಅದು. ಒಳಗಿರುವುದು ಸಾದಾ ಜೇಸನ್. ಯಾವ ವಿಳಾಸಕ್ಕೆ ಕಳಿಸಬೇಕು, ಫೈಲನ್ನು ಯಾವ ಹೆಸರಿನಲ್ಲಿ ಕೊಡಬೇಕು, ಬಂದ ಉತ್ತರದಲ್ಲಿ ಲಿಂಕ್ ಎಲ್ಲಿದೆ ಎಂದು ಹತ್ತು ಹನ್ನೆರಡು ಸಾಲಿನಲ್ಲಿ ಬರೆದರೆ ಹೊಸ ಸೇವೆ ಸೇರಿತು. ನಮ್ಮ ಬಾಡಿಗೆ ಸರ್ವರ್‌ಗೆ ನಾನೇ ಒಂದು ಬರೆದೆ. ಒಂದು ಆವರಣ ಚಿಹ್ನೆ ಮರೆತು ಅರ್ಧ ದಿನ ತಲೆ ಕೆಡಿಸಿಕೊಂಡದ್ದು ಬೇರೆ ಮಾತು. ಸರಿಯಾದ ಮೇಲೆ ಅದನ್ನು ಮುಟ್ಟಿಲ್ಲ.

ಹಾಗೆಂದು ಅಪ್‌ಡೇಟ್ ಬೇಡವೆಂದಲ್ಲ. ಆದರೆ ಅದರ ದಾರಿಯಲ್ಲೂ ಅಪಾಯವಿದೆ ಎಂದು ಈ ಕುಲದ ಆ್ಯಪ್‌ಗಳಿಗೆ 2015ರ ಮಾರ್ಚ್‌ನಲ್ಲೇ ಪಾಠವಾಗಿತ್ತು. ಪುಶ್ ಎಂಬ ಜನಪ್ರಿಯ ಅಪ್‌ಲೋಡರ್‌ನ ಅಪ್‌ಡೇಟ್ ಸರ್ವರ್‌ಗೆ ಯಾರೋ ನುಗ್ಗಿ, ಹೊಸ ಆವೃತ್ತಿಯ ವೇಷದಲ್ಲಿ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ವಿಂಡೋಸ್ ಬಳಕೆದಾರರಿಗೆ ಹಂಚಿದರು. ಹಾಲಿನವನ ಕ್ಯಾನಿಗೇ ವಿಷ ಬಿದ್ದ ಹಾಗೆ. ಸದಾ ಎಚ್ಚರವಾಗಿದ್ದು ಪರದೆ ನೋಡುವ, ಇಂಟರ್ನೆಟ್‌ಗೆ ಬರೆಯುವ ಆ್ಯಪ್‌ಗೆ ಕೋಡ್ ತೆರೆದಿರುವುದು, ಪ್ರತಿ ಆವೃತ್ತಿಯ ಬದಲಾವಣೆ ಓದಲು ಸಿಗುವುದು ಬರೀ ಆದರ್ಶದ ವಿಷಯವಲ್ಲ.

ಹೆಸರಿಡುವುದರಲ್ಲೂ ಒಂದು ವಿವೇಕವಿದೆ. ಇದೇ ಕುಲದ ಲೈಟ್‌ಶಾಟ್‌ನಲ್ಲಿ ಹಿಂದೆ ಚಿತ್ರದ ಲಿಂಕ್ ಕೊನೆಗೆ ಆರು ಅಕ್ಷರ ಇರುತ್ತಿದ್ದವು, ಅದೂ ಸರದಿಯಲ್ಲಿ. ಒಂದಕ್ಷರ ಬದಲಿಸಿದರೆ ಯಾರದೋ ಮನೆಯ ಕಿಟಕಿ ತೆರೆಯುತ್ತಿತ್ತು. ಅದನ್ನೇ ಆಟ ಮಾಡಿಕೊಂಡವರಿದ್ದರು. ಶೇರ್‌ಎಕ್ಸ್ ಫೈಲಿಗೆ ತಾನಾಗಿ ಕೊಡುವ ಹೆಸರಿನಲ್ಲಿ ಹತ್ತು ಅಕ್ಷರ ಅಡ್ಡಾದಿಡ್ಡಿ ಬರುತ್ತವೆ. ನಿಮ್ಮದೇ ಸರ್ವರ್‌ಗೆ ಕಳಿಸುವಾಗ ಇದರ ಬೆಲೆ ತಿಳಿಯುತ್ತದೆ.

ಇನ್ನು ತಕರಾರು. ಟೂಲ್ಸ್ ಮೆನು ತೆರೆದು ನೋಡಿ. ಬಣ್ಣ ಗುರುತಿಸುವುದು, ಅಳತೆಪಟ್ಟಿ, ಕ್ಯೂಆರ್ ಕೋಡ್, ಚಿತ್ರ ಜೋಡಿಸುವುದು, ಚಿತ್ರ ಸೀಳುವುದು, ವಿಡಿಯೊ ಪರಿವರ್ತನೆ, ಫೋಲ್ಡರಿನ ಪಟ್ಟಿ ತಯಾರಿ, ಕಡೆಗೆ ಮಾನಿಟರ್ ಪರೀಕ್ಷೆ! ಜಾತ್ರೆಯ ಅಂಗಡಿಯಲ್ಲಿ ಬಾಚಣಿಗೆ ಕೇಳಿದರೆ ಬಾಣಲೆಯನ್ನೂ ತೋರಿಸುವ ಉತ್ಸಾಹ ಇದು. ಸೇರಿಸುವುದು ಸುಲಭ, ಕೇಳಿದವನಿಗೆ ಸಂತೋಷ. ತೆಗೆಯಲು ಹೋದರೆ ಜಗಳ. ಹೀಗಾಗಿ ವರ್ಷಗಳ ಅಪ್‌ಡೇಟ್‌ಗಳು ಇದನ್ನು ಬೆಳೆಸಿವೆ, ಒಪ್ಪ ಮಾಡಿಲ್ಲ. ಸೆಟ್ಟಿಂಗ್‌ಗಳೇ ಹಲವು ಕಡೆ: ಆ್ಯಪ್‌ಗೆ ಒಂದು, ಕೆಲಸಕ್ಕೆ ಒಂದು, ಕೀಲಿಗಳಿಗೆ ಒಂದು. ಮೇಲೆ ಪ್ರತಿ ಕೀಲಿಗೂ ತನ್ನದೇ ಒಳಸೆಟ್ಟಿಂಗ್. ಕಚೇರಿಯ ಸಹೋದ್ಯೋಗಿಯೊಬ್ಬರಿಗೆ ಹಾಕಿಕೊಟ್ಟೆ. ಅವರು ವಾರದೊಳಗೆ ವಿಂಡೋಸ್‌ನ ಕತ್ತರಿಗೇ ಮರಳಿದರು. ಅವರನ್ನು ದೂರುವಂತಿಲ್ಲ.

ಎಡಿಟರ್‌ನಲ್ಲಿ ಮಸುಕು ಮಾಡುವ ಮತ್ತು ಪಿಕ್ಸೆಲ್ ಆಗಿ ಒಡೆಯುವ ಉಪಕರಣಗಳಿವೆ. ಫೋನ್ ನಂಬರ್ ಮುಚ್ಚಲು ಎಲ್ಲರೂ ಹಿಡಿಯುವುದು ಅವನ್ನೇ, ನೋಡಲು ಚಂದ. ಆದರೆ ಒಡೆದ ಅಕ್ಷರಗಳನ್ನು ಊಹಿಸಿ ಮರಳಿ ಜೋಡಿಸುವ ಉಪಕರಣಗಳು ಬಂದು ವರ್ಷಗಳಾದವು. ಕಪ್ಪು ಚೌಕವೇ ಸರಿ ಎಂದು ಆ ಗುಂಡಿಯ ಪಕ್ಕ ಒಂದು ಸಾಲು ಬರೆದರೆ ಏನು ಹೋಗುತ್ತದೆ? ದೊಡ್ಡವರೂ ಇಲ್ಲಿ ಎಡವಿದ್ದಾರೆನ್ನಿ: ವಿಂಡೋಸ್ 11ರ ಕತ್ತರಿ, ಕತ್ತರಿಸಿದ ಚಿತ್ರವನ್ನು ಹಳೆಯ ಫೈಲಿನ ಮೇಲೆಯೇ ಉಳಿಸಿದಾಗ, ಕತ್ತರಿಸಿ ಬಿಸಾಡಿದ ಭಾಗದ ತುಣುಕುಗಳನ್ನು ಬಾಲದಲ್ಲಿ ಉಳಿಸಿಕೊಂಡಿರುತ್ತಿತ್ತು ಎಂದು 2023ರಲ್ಲಿ ಬಯಲಾಯಿತು. ಇನ್ನು ಚಿತ್ರದಿಂದ ಅಕ್ಷರ ಓದುವ ಶೇರ್‌ಎಕ್ಸ್‌ನ ಓಸಿಆರ್ ಬಗ್ಗೆ ಹೇಳುವುದೇನೂ ಇಲ್ಲ. ಅದು ವಿಂಡೋಸ್‌ನ ಓದುಯಂತ್ರವನ್ನೇ ನೆಚ್ಚಿದೆ, ಅದಕ್ಕೆ ಕನ್ನಡ ಬಾರದು.

ನನಗೆ ಶೇರ್‌ಎಕ್ಸ್ ಮೇಲೆ ನಂಬಿಕೆ ಕೂತದ್ದು ಒಂದು ಎಡವಟ್ಟಿನ ದಿನ. ಕರಡು ಪುಟದ ಚಿತ್ರ ಕಳಿಸುವ ಭರದಲ್ಲಿ ಪಕ್ಕದ ಕಿಟಕಿಯಲ್ಲಿದ್ದ ಬ್ಯಾಂಕ್ ಪುಟದ ಅಂಚೂ ಸೇರಿ ಹೋಗಿತ್ತು. ಖಾತೆ ತೆರೆಯದೆ ಅನಾಮಧೇಯವಾಗಿ ಏರಿಸಿದ ಚಿತ್ರ. ನನ್ನದೆಂದು ಹೇಳಿಕೊಳ್ಳಲು ಯಾವ ಪುರಾವೆಯೂ ಇಲ್ಲ. ಆ್ಯಪ್‌ನ ಹಿಸ್ಟರಿಯಲ್ಲಿ ಆ ಚಿತ್ರದ ಸಾಲಿನ ಮೇಲೆ ಬಲಗುಂಡಿ ಒತ್ತಿದೆ. ಲಿಂಕ್, ಥಂಬ್‌ನೇಲ್ ಲಿಂಕ್, ಅವುಗಳ ಕೆಳಗೆ ಅಳಿಸುವ ಲಿಂಕ್. ಏರಿಸುವಾಗ ಸರ್ವರ್ ಕೊಟ್ಟಿದ್ದನ್ನು ನಾನು ಕೇಳದಿದ್ದರೂ ಇದು ಎತ್ತಿಟ್ಟಿತ್ತು. ಇಷ್ಟು ಮುಖ್ಯವಾದದ್ದನ್ನು ಮೆನುವಿನ ಒಳಮೆನುವಿನಲ್ಲಿ ಯಾಕೆ ಬಚ್ಚಿಟ್ಟರೋ! ಒತ್ತಿದೆ, ‘ನಿಜಕ್ಕೂ ಅಳಿಸಬೇಕೆ’ ಎಂದು ಬ್ರೌಸರ್‌ನಲ್ಲಿ ಕೇಳಿತು, ಹೌದೆಂದೆ. ಆಮೇಲೆ ಪುಟ ಕಟ್ಟುವವರಿಗೆ ಫೋನ್ ಮಾಡಿದೆ. ಅವರು ಆಗಿನ್ನೂ ಲಿಂಕ್ ತೆರೆದಿರಲಿಲ್ಲ, ಊಟಕ್ಕೆ ಕೂತಿದ್ದರು.